ಗುಜರಿಯಲ್ಲಿ ಆರಿಸಿದ ಜಾಕ್

ನನಗೆ ಗುಜರಾತಿ ಬರುತ್ತದೆ ಎಂಬ ಸೊಕ್ಕಿತ್ತು. ಮದುವೆಯಾಗಿ ಧಾರವಾಡದಿಂದ ಅಹಮದಾಬಾದಿಗೆ ಬಂದ ಎರಡೇ ವರ್ಷದಲ್ಲಿ ತರಕಾರಿಯವಳ ಜೊತೆ ಜಗಳ ಆಡುವಷ್ಟು ಕಲಿತಿದ್ದೆ. ಜಗಳ ಬಂದರೆ ಭಾಷೆ ಬಂದಂತೆ ಎಂದು ತಿಳಿದಿದ್ದೆ. ನನ್ನ ಗಂಡನಿಗೆ ಅದು ಹತ್ತಲೇ ಇಲ್ಲ. ಅವರಿಗೆ ಒಂದು ಸಂಶೋಧನಾಲಯದಲ್ಲಿ ಗಾಜು ಊದುವ ಕೆಲಸ. ವಿಜ್ಞಾನಿಗಳು ಕಾಗದದ ಮೇಲೆ ಗೀಚಿ ಕೊಟ್ಟ ಕೊಳವೆ, ಬುರುಡೆಗಳನ್ನು ಉರಿಯಲ್ಲಿ ತಿರುಗಿಸಿ ತಿರುಗಿಸಿ ಮಾಡಿಕೊಡುತ್ತಿದ್ದರು. ಅದಕ್ಕೆ ಮಾತು ಬೇಕಿರಲಿಲ್ಲ, ಹತ್ತು ಬೆರಳು ಬೇಕಿತ್ತು.

ಅರವತ್ತರ ದಶಕದ ನಡುವಿನಲ್ಲಿ ನಿವೃತ್ತರಾದ ಅಧಿಕಾರಿಯೊಬ್ಬರು ತಮ್ಮ ಮುದಿ ಕಾರನ್ನು ಇವರ ಕೊರಳಿಗೆ ಕಟ್ಟಿ ಊರಿಗೆ ಹೋದರು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಇವರು ಗ್ಯಾರೇಜು ಎಂದು ಹೆಸರಿಟ್ಟರು. ಪ್ರತಿ ಭಾನುವಾರ ಕಾರಿನ ಅಡಿಯಲ್ಲಿ ಅಂಗಾತ ಮಲಗುವುದು, ಕಾರು ಎತ್ತುವ ಜಾಕಿಗಾಗಿ ಪಕ್ಕದ ಮನೆಯವರ ಬಾಗಿಲು ತಟ್ಟುವುದು. ನನಗೆ ನಾಚಿಕೆಯಾಗುತ್ತಿತ್ತು. ‘ನಮ್ಮದೇ ಒಂದು ತಗೋರಿ’ ಎಂದು ಬೆನ್ನು ಹತ್ತಿದವಳು ನಾನೇ.

ನಮ್ಮ ಕಡೆ ಹಳೆ ಸಾಮಾನಿಗೆ ಗುಜರಿ ಎನ್ನುತ್ತೇವೆ. ಅಲ್ಲಿ ಸಂತೆಯ ಹೆಸರೇ ಗುಜರಿ, ಸಾಬರಮತಿಯ ಪಾತ್ರದ ಮರಳಿನಲ್ಲಿ ಭಾನುವಾರ ನೆರೆಯುತ್ತಿತ್ತು. ಇವರು ಮೊದಲು ಒಂದು ಸ್ಕ್ರೂ ಜಾಕ್ ನೋಡಿದರು. ಅದರ ಹಲ್ಲುಗಳ ಮೇಲೆ ಬೆರಳಾಡಿಸಿ, ‘ಗಟ್ಟಿ ಅದ’ ಎಂದರು. ಆಮೇಲೆ ಅದರ ಹಿಡಿಯನ್ನು ಹತ್ತಿಪ್ಪತ್ತು ಸುತ್ತು ತಿರುವಿ ಕೆಳಗಿಟ್ಟರು. ‘ಇದನ್ನ ತಿರುವಿದ್ರ ಮಣಿಕಟ್ಟು ನಡಗತಾವ. ಸೋಮವಾರ ಗಾಜು ಕೆಡತದ.’ ಕೈ ಉಳಿಯಲಿ ಎಂದೇ ಅವರು ಎಣ್ಣೆಯ ಒತ್ತಡದಿಂದ ಏಳುವ ಜಾಕ್ ಹುಡುಕಿದ್ದು.

ಎರಡು ಸಾಲು ದಾಟಿದ ಮೇಲೆ ಒಬ್ಬ ಮುದುಕನ ಗೋಣಿಯ ಮೇಲೆ ಅಂಥದೊಂದು ಸಿಕ್ಕಿತು. ನಾಲ್ಕು ಕಬ್ಬಿಣದ ಗಾಲಿ, ಉದ್ದನೆಯ ಹಿಡಿ. ಇವರು ಕೂತು ಹಿಡಿ ಒತ್ತಿದರು, ತಲೆ ಸರಾಗವಾಗಿ ಎದ್ದಿತು. ಕೆಳಗೆ ಕೈ ಹಾಕಿ ನೋಡಿದರು, ಎಣ್ಣೆ ಸೋರಿರಲಿಲ್ಲ. ಮುದುಕ ನನ್ನ ಕಡೆ ತಿರುಗಿ, ‘ಬೇನ್, ಧೀಮೆ ಧೀಮೆ ಬೇಸಿ ಜಾಯ್ ಛೆ’ ಎಂದ. ಹೇಳುತ್ತಲೇ ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದ.

‘ಏನಂತಾನ?’

‘ಬೇಸ್ ಅದ ಅಂತಾನ್ರೀ. ಮೆಲ್ಲಕ ಇಳೀತದಂತ, ಧಡಕ್ ಅನ್ನೂದಿಲ್ಲಂತ.’

ಧಾರವಾಡದವಳ ಕಿವಿಗೆ ಬೇಸ್ ಎಂದರೆ ಚೆನ್ನಾಗಿದೆ ಎಂದೇ ಅರ್ಥ. ಪರಊರಿನ ಸಂತೆಯಲ್ಲಿ ತವರಿನ ಮಾತು ಕೇಳಿದಂತಾಗಿ ನಾನು ಹಿಗ್ಗಿದ್ದೆ. ಇವರೂ ನಕ್ಕರು. ‘ನೋಡು, ಮುದುಕಗ ಕನ್ನಡ ಬರತದ’ ಎಂದು ಚೇಷ್ಟೆ ಮಾಡಿ, ಜಾಕನ್ನು ಸೈಕಲ್ ರಿಕ್ಷಾಕ್ಕೆ ಹೇರಿಸಿದರು.

ಮುಂದಿನ ಭಾನುವಾರ ಬೆಳಿಗ್ಗೆ ಆ ಜಾಕಿನಿಂದ ಕಾರು ಎತ್ತಿ ಅದರ ಮುಂದಿನ ಗಾಲಿ ಬಿಚ್ಚಿದರು. ಅಚ್ಚಿನ ಕೆಳಗೆ ಆಸರೆಗೆಂದು ಒಂದು ಮರದ ದಿಮ್ಮಿ ಇಟ್ಟಿದ್ದರು. ಅದಕ್ಕೂ ಅಚ್ಚಿಗೂ ನಡುವೆ ಒಂದು ಗೇಣು ಜಾಗ. ಅಷ್ಟರಲ್ಲಿ ಒಂದು ನಟ್ಟು ಜಾರಿ ದಿಮ್ಮಿಯ ಹಿಂದೆ ಬಿತ್ತು. ಮಲಗಿದಲ್ಲಿಂದಲೇ ಆ ಸಂದಿಯಲ್ಲಿ ಬಲಗೈ ತೂರಿಸಿ ತಡಕಾಡಿದರು. ತಡಕಾಡಿ ಕೈ ಹಿಂದೆಗೆಯುವಾಗ ಕೈ ಬರಲಿಲ್ಲ. ಜಾಕ್ ಧಡಕ್ಕನೆ ಬೀಳಲಿಲ್ಲ, ಯಾರಿಗೂ ತಿಳಿಯದಂತೆ ಇಳಿಯುತ್ತ ಬಂದಿತ್ತು.

‘ಹಿಡಿ ಒತ್ತು’ ಎಂದು ಕೂಗಿದರು. ನಾನು ಒತ್ತಿದೆ. ಜೀವ ಬಿಟ್ಟು ಒತ್ತಿದೆ. ಹಿಡಿ ಮೇಲೆ ಕೆಳಗೆ ಆಡಿತೇ ಹೊರತು ಕಾರು ಏಳಲಿಲ್ಲ, ಇನ್ನಷ್ಟು ಇಳಿಯಿತು. ನಾನು ಬೀದಿಗೆ ಓಡಿ ಕೂಗಿಕೊಂಡೆ. ಅಕ್ಕಪಕ್ಕದ ಗಂಡಸರು ಬಂದು ಕಾರನ್ನು ಎತ್ತಿ ಹಿಡಿದರು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ಮಡಚಲಿಲ್ಲ. ಗಾಜಿನ ಕೊಳವೆಯನ್ನು ಉರಿಯಲ್ಲಿ ಒಂದೇ ಸಮ ತಿರುಗಿಸದಿದ್ದರೆ ಅದು ಒಂದು ಕಡೆಗೆ ಜೋತುಬೀಳುತ್ತದೆ. ಇವರದು ಜೋತುಬಿತ್ತು, ಪ್ರತಿ ಸಲವೂ. ಕಡೆಗೆ ಇವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ತಾವು ಊದುತ್ತಿದ್ದ ಕೊಳವೆಗಳನ್ನೇ ಬೇರೆಯವರಿಗೆ ಎಣಿಸಿ ಕೊಡುವ ಕೆಲಸ.

ಕಟ್ಟು ಬಿಚ್ಚಿದ ಮೇಲೆ ಇವರು ಹಟ ಹಿಡಿದರು. ‘ನಡಿ, ಆ ಕಳ್ಳನ್ನ ಕೇಳೂಣು.’ ಮುದುಕ ಅದೇ ಜಾಗದಲ್ಲಿ, ಅದೇ ಗೋಣಿಯ ಮೇಲೆ ಕೂತಿದ್ದ. ಕೆಟ್ಟ ಮಾಲು ಯಾಕೆ ಕೊಟ್ಟೆ ಎಂದು ನಾನು ಗುಜರಾತಿಯಲ್ಲಿ ಕೇಳಿದೆ. ಜೋರಾಗಿಯೇ ಕೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ, ‘ಬೇನ್, ಮೆ ತೋ ಕಹ್ಯುಂತುಂ ನೆ? ಬೇಸಿ ಜಾಯ್ ಛೆ’ ಎಂದ. ನಾನು ಹೇಳಿದ್ದೆನಲ್ಲ ತಾಯಿ, ಎಂದ. ಅವನ ಅಂಗೈ ಮತ್ತೆ ಮೆಲ್ಲಗೆ ಕೆಳಗಿಳಿಯಿತು.

ಆಗ ಅರ್ಥವಾಯಿತು. ಭಾರ ಹೊತ್ತರೆ ಮೆಲ್ಲಮೆಲ್ಲಗೆ ಕೂತುಬಿಡುತ್ತದೆ ಎಂದು ಆ ಪುಣ್ಯಾತ್ಮ ಮೊದಲೇ ಹೇಳಿದ್ದ.

‘ಏನಂತಾನ?’

‘ನೆನಪಿಲ್ಲಂತ್ರೀ’ ಎಂದೆ. ಮೊದಲನೆಯದು ತಪ್ಪು. ಇದು ಸುಳ್ಳು.

ಮುದುಕನ ಕಣ್ಣು ಅಷ್ಟರಲ್ಲಿ ಇವರ ಬಲಗೈ ಮೇಲೆ ಬಿದ್ದಿತ್ತು. ಅವನು ಗಡಬಡಿಸಿ ಎದ್ದು, ತನ್ನ ಹಿಂದಿದ್ದ ಮರದ ಪೆಟ್ಟಿಗೆಯನ್ನು ಧೂಳು ಒರೆಸಿ ಇವರ ಮುಂದಿಟ್ಟ. ‘ಬೇಸೋ ಭಾಯಿ, ಬೇಸೋ.’

ಯಾವ ಗುಜರಾತಿ ಮನೆಗೆ ಹೋದರೂ ಹೊಸ್ತಿಲಲ್ಲಿ ಕೇಳುವ ಮೊದಲ ಮಾತು ಅದು. ಭಾಷೆ ಹತ್ತದ ಇವರಿಗೂ ಅದೊಂದು ಗೊತ್ತಿತ್ತು. ಕೂರಲು ಬಗ್ಗಿದವರು ಅರ್ಧಕ್ಕೇ ನಿಂತರು.

‘ಬೇಸೋ ಅಂದ್ರ ಕೂಡು ಅಂತ ಹೌದಲ್ಲ?’

‘ಹೂಂ.’

ಇವರು ಆ ಮೂರು ಬೆರಳಿನ ಕೈಯನ್ನು ಮುದುಕ ಮಾಡಿದಂತೆಯೇ ಮೆಲ್ಲಗೆ ಕೆಳಗಿಳಿಸಿದರು. ‘ಹಂಗಾದ್ರ ಅವತ್ತ ಇಂವ ಅಂದದ್ದು…’

ನಾನು ಮರಳು ನೋಡುತ್ತ ನಿಂತೆ. ಇವರು ಪೆಟ್ಟಿಗೆಯ ಮೇಲೆ ಕೂತರು. ಮುದುಕ ತರಿಸಿದ ಚಹವನ್ನು ಎಡಗೈಯಲ್ಲಿ ಹಿಡಿದು ಪೂರ್ತಿ ಕುಡಿದರು. ಅವನಿಗೆ ಕೈ ಮುಗಿದು ಎದ್ದರು.

ಮನೆಗೆ ಬಂದ ಮೇಲೆ ಬೈಯುತ್ತಾರೆಂದು ಕಾದೆ. ವಾರವೆಲ್ಲ ಕಾದೆ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಯಾರಾದರೂ ಕೈಗೆ ಏನಾಯಿತು ಎಂದು ಕೇಳಿದರೆ, ‘ಹಳೇ ಜಾಕ್, ಕೈ ಕೊಡ್ತು’ ಎನ್ನುತ್ತಿದ್ದರು, ಸಾಯುವ ತನಕ. ಹಾಗೆ ಹೇಳುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.