ಬಿದ್ದಲ್ಲೇ ಏಳುವ ಸೈಕಲ್ಲು

ಅವರ ಹತ್ತು ಬೆರಳುಗಳಲ್ಲಿ ಒಂದರಲ್ಲೂ ಗೆರೆಗಳಿರಲಿಲ್ಲ. ಐವತ್ತು ವರ್ಷ ಚೈನು, ಕಡ್ಡಿ, ಗುಂಡುಗಳನ್ನು ಉಜ್ಜಿ ಉಜ್ಜಿ ತುದಿಗಳೆಲ್ಲ ತುಂಗೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಉಗುರಿನ ಸುತ್ತ ಮಾತ್ರ ಯಾವ ಸೋಪಿಗೂ ಜಗ್ಗದ ಕಪ್ಪು ಅಂಚು. ಅಂಚೆಯವರಾದ ನಮ್ಮ ಕೈಗೆ ಹೆಬ್ಬೆಟ್ಟು ಓದುವ ಯಂತ್ರ ಬಂದ ಹೊಸದರಲ್ಲಿ ಅವರ ಖಾತೆ ತೆರೆಯೋಣವೆಂದು ನಾನೇ ಅದನ್ನು ಅಂಗಡಿಗೆ ಒಯ್ದಿದ್ದೆ. ಯಂತ್ರ ಅವರ ಒಂದು ಬೆರಳನ್ನೂ ಒಪ್ಪಲಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಬಂದರು, ಬಟ್ಟೆಯಲ್ಲಿ ತಿಕ್ಕಿಕೊಂಡು ಬಂದರು. ಊಹೂಂ. ಕೊನೆಗೆ ಅವರೇ, "ಬಿಡು ತಂಗಿ, ನನ್ ಗುರುತೆಲ್ಲ ಸೈಕಲ್‌ಗಳ ಮೇಲೆ ಹೋಗಿದೆ. ಬೇಕಿದ್ರೆ ಯಂತ್ರ ಅಲ್ಲಿ ಹುಡುಕ್ಲಿ" ಎಂದು ಮತ್ತೆ ಕೆಲಸಕ್ಕೆ ಕೂತರು.

ಕೊಪ್ಪದಲ್ಲಿ ನರಸಿಂಹರಾಜಪುರದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವರ ಅಂಗಡಿ. ಬೋರ್ಡಿರಲಿಲ್ಲ. ಎಲ್ಲರಿಗೂ ಅವರು ಸೈಕಲ್ ಸಾಹೇಬರು. ನನಗೂ ಅಷ್ಟೇ. ಅವರು ಹುಟ್ಟಿದ್ದು ನರಸಿಂಹರಾಜಪುರದಲ್ಲಿ. ಮೀಸೆ ಮೂಡುವ ವಯಸ್ಸಿಗೆ ಸೋದರಮಾವನ ಅಂಗಡಿಗೆ ಕೆಲಸ ಕಲಿಯಲು ಬಂದವರು ಇಲ್ಲೇ ನಿಂತರು. ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಇಪ್ಪತ್ತು ವರ್ಷಗಳ ಹಿಂದೆ, ಅಳು ನುಂಗಿಕೊಂಡು.

ನನ್ನ ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಗಿಡ್ಡ. ಮೂರು ವರ್ಷದವಳಿದ್ದಾಗ ಬಂದ ಪೋಲಿಯೋ ಬಿಟ್ಟುಹೋದ ಕಾಲು ಅದು. ಭಂಡಿಗಡಿ ಕಡೆಯ ಒಂದು ಹಳ್ಳಿಯಲ್ಲಿ ಟಪಾಲು ಹಂಚುವ ಕೆಲಸ ನನಗೆ ಸಿಕ್ಕಿತ್ತು. ಸಿಕ್ಕ ಮೇಲೆ ಗೊತ್ತಾದದ್ದು, ಅದು ಸೈಕಲ್ ತುಳಿಯಬಲ್ಲವರ ಕೆಲಸ ಎಂದು. ಮನೆಗಳು ಒಂದರಿಂದ ಒಂದು ಅಷ್ಟು ದೂರ. ಅಪ್ಪ ಬೇಡವೆಂದು ಬರೆದುಕೊಡು ಎಂದರು. ಬರೆದುಕೊಡುವ ಮೊದಲು ಒಮ್ಮೆ ಪ್ರಯತ್ನಿಸೋಣವೆಂದು ನಾಲ್ಕೈದು ದಿನ ಚಿಕ್ಕಪ್ಪನ ಸೈಕಲ್ಲಿನಲ್ಲಿ ಬಿದ್ದು ಬಿದ್ದು ಮೊಣಕೈ ಕಿತ್ತುಕೊಂಡಿದ್ದೆ. ಎಡಗಾಲು ಪೆಡಲನ್ನು ಕೆಳಗಿನವರೆಗೂ ಹಿಂಬಾಲಿಸುತ್ತಿರಲಿಲ್ಲ; ಅರ್ಧದಲ್ಲೇ ಜಾರುತ್ತಿತ್ತು.

ನನ್ನ ಕಾಲನ್ನು ನೋಡಿ ಮುಖ ತಿರುಗಿಸುವವರನ್ನೇ ಹೆಚ್ಚು ಕಂಡವಳು ನಾನು. ಸಾಹೇಬರು ಹಾಗಲ್ಲ. ಸ್ಟೂಲಿನ ಮೇಲೆ ಕೂರಿಸಿ, ಎರಡೂ ಕಾಲನ್ನು ನೇರ ಚಾಚಲು ಹೇಳಿ, ದಾರ ಹಿಡಿದು ದರ್ಜಿಯಂತೆ ಅಳೆದರು. ದಾರಕ್ಕೆ ಎರಡು ಗಂಟು ಹಾಕಿಕೊಂಡರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಈವತ್ತಿಗೂ ಹಾಗೇ ಹೇಳಬಲ್ಲೆ.

"ಹತ್ತೋಕೆ ಆಗ್ಲಿಲ್ಲ ಅಂದ್ರೆ ಅದು ಸೈಕಲ್ ತಪ್ಪು. ನಿಂದಲ್ಲ."

ಒಂದು ವಾರದ ನಂತರ ಹೋದಾಗ ಸೈಕಲ್ಲು ಸಿದ್ಧವಾಗಿತ್ತು. ಯಾರೋ ಟೀಚರಮ್ಮ ವರ್ಗವಾಗಿ ಹೋಗುವಾಗ ಬಿಟ್ಟುಹೋಗಿದ್ದ ಹಳೆಯ ಲೇಡೀಸ್ ಸೈಕಲ್ಲು. ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳಿರುತ್ತದಲ್ಲ, ಎಡಗಡೆಯದನ್ನು ತೆಗೆದು ಮಕ್ಕಳ ಸೈಕಲ್ಲಿನ ಗಿಡ್ಡ ತೋಳನ್ನು ಕೂರಿಸಿದ್ದರು. ಅದರ ಪೆಡಲಿನ ಮೇಲೆ ಸಾಗುವಾನಿಯ ಒಂದು ತುಂಡು. ಕಾಲು ಜಾರದಂತೆ ಮೇಲೆ ಟಯರಿನ ಚೂರು. ಹತ್ತಿ ಕೂತೆ. ಎಡಗಾಲು ಇಳಿಯಿತು, ಏರಿತು, ಮತ್ತೆ ಇಳಿಯಿತು. ಬಸ್ ನಿಲ್ದಾಣದವರೆಗೆ ಹೋಗಿ ಇಳಿಯದೆಯೇ ತಿರುಗಿಸಿಕೊಂಡು ಬಂದೆ. ಸಾಹೇಬರು ಅಂಗಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆ ತಿಂಗಳು ನಾನು ಕೆಲಸಕ್ಕೆ ಸೇರಿದೆ. ಅಂದಿನಿಂದ ಊರವರ ಬಾಯಲ್ಲಿ ನಾನು ಪೋಸ್ಟಮ್ಮ.

ಸಾಹೇಬರಲ್ಲಿ ಸೈಕಲ್ ಬಿಟ್ಟುಹೋಗಿ ಸಂಜೆ ಬರುತ್ತೇನೆ ಎನ್ನುವಂತಿರಲಿಲ್ಲ. ಸೈಕಲ್ಲಿನವರು ಪಕ್ಕದಲ್ಲಿ ಕೂತು ನೋಡಬೇಕು. ವಕೀಲರಾದರೂ ಸರಿ, ಅಡಿಗೆಯವರಾದರೂ ಸರಿ, ಕೈಗೊಂದು ಸ್ಪ್ಯಾನರ್ ಕೊಟ್ಟು "ಇದನ್ ಹಿಡ್ಕೊ" ಎನ್ನುತ್ತಿದ್ದರು. ಕೆಲವರಿಗೆ ಸಿಟ್ಟು ಬರುತ್ತಿತ್ತು. ನನಗೆ ಪಂಕ್ಚರ್ ಹಾಕುವುದು, ಚೈನಿನ ಕೊಂಡಿ ಬಿಚ್ಚುವುದು, ಬ್ರೇಕಿನ ತಂತಿ ಬಿಗಿ ಮಾಡುವುದು ಎಲ್ಲ ಬಂದದ್ದು ಹೀಗೆ. ಹಳೇ ಸೈಕಲ್ಲನ್ನು ಗುಜರಿ ಎಂದವರಿಗೆ ಅವತ್ತು ಕೆಲಸ ಮಾಡಿಕೊಡುತ್ತಿರಲಿಲ್ಲ. ಹೊಸತನ್ನು ಸುಮ್ಮನೆ ಹೀಯಾಳಿಸಿದವರಿಗೂ ಅದೇ ಶಿಕ್ಷೆ. "ತುಳಿದು ನೋಡಿದ್ಯಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಮಾತು ಅಲ್ಲಿಗೆ ಮುಗಿಯಿತು.

ಹನ್ನೆರಡು ಮಳೆಗಾಲಗಳನ್ನು ಆ ಸೈಕಲ್ಲಿನಲ್ಲಿ ಕಳೆದೆ. ಹದಿಮೂರನೆಯದರಲ್ಲಿ ಬಿದ್ದೆ. ಶಾಲೆಯಿಂದಾಚೆಯ ಇಳಿಜಾರಿನಲ್ಲಿ ರಿಮ್ಮು ಒದ್ದೆಯಾಗಿ, ಎರಡೂ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲದೆ ಸಾಗಿತು. ತಿರುವಿನಲ್ಲಿ ಚರಂಡಿಗೆ ಹೋಗಿ ಬಿದ್ದೆ. ಮಣಿಕಟ್ಟು ಮುರಿಯಿತು. ಟಪಾಲಿನ ಚೀಲ ಮಾತ್ರ ಎದೆಗೆ ಒತ್ತಿ ಹಿಡಿದಿದ್ದೆನಂತೆ, ಎತ್ತಿದವರು ಹೇಳಿದರು.

ಸಾಹೇಬರು ಮನೆಗೆ ಬಂದರು. ಅವರು ಯಾರ ಮನೆಗೂ ಬರುವವರಲ್ಲ. ನನ್ನ ಬ್ಯಾಂಡೇಜನ್ನು ನೋಡಿದರು. ಮಳೆಯಲ್ಲಿ ಆ ಬ್ರೇಕು ಅರ್ಧವೇ ಹಿಡಿಯುವುದೆಂದು ತಮಗೆ ಮೊದಲಿನಿಂದ ಗೊತ್ತಿತ್ತೆಂದೂ ಎಲ್ಲರ ಸೈಕಲ್ಲೂ ಹಾಗೇ ತಾನೇ ಎಂದು ಬಿಟ್ಟಿದ್ದಾಗಿಯೂ ಹೇಳಿದರು. ನಾನು ನಿಮ್ಮ ತಪ್ಪೇನಿದೆ ಎಂದೆ. ಅವರು ಒಪ್ಪಲಿಲ್ಲ.

ಕೈ ಕೂಡಿಕೊಳ್ಳುವ ಹೊತ್ತಿಗೆ ನರಸಿಂಹರಾಜಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನಣ್ಣ ಒಂದು ಬ್ಯಾಟರಿ ಸೈಕಲ್ ತಂದು ನಿಲ್ಲಿಸಿದ. ಹಿಂದಿನ ಚಕ್ರದೊಳಗೆ ಮೋಟರು, ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಡಿಸ್ಕ್ ಬ್ರೇಕು, ಹ್ಯಾಂಡಲ್ ಮೇಲೆ ಚಿಕ್ಕ ಪರದೆ. ಹಳೆಯದನ್ನು ಅಣ್ಣನೇ ಸಾಹೇಬರ ಅಂಗಡಿಗೆ ಬಿಟ್ಟುಬಂದ. ಸತ್ಯ ಹೇಳಬೇಕೆಂದರೆ ಹೊಸ ಸೈಕಲ್ಲು ನನಗೆ ಹುಚ್ಚು ಹಿಡಿಸಿತು. ಏರಿನಲ್ಲಿ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದಂತೆ. ಸಂಜೆ ಮನೆಗೆ ಬಂದರೆ ಎಡಗಾಲು ಸೆಳೆಯುತ್ತಿರಲಿಲ್ಲ. ಆದರೆ ಸಾಹೇಬರ ಅಂಗಡಿಯ ಮುಂದೆ ಹೋಗಲು ನಾಚಿಕೆ. ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಹೋಗತೊಡಗಿದೆ. ಹತ್ತು ದಿನ ಆದ ಮೇಲೆ ಅವರೇ ಓಣಿಯ ಬಾಯಲ್ಲಿ ನಿಂತಿದ್ದರು.

"ಹೊಸ ಸೈಕಲ್ ತಂದೋಳು ತೋರಿಸ್ದೆ ಹೋಗ್ತಾಳಾ ಮಾರಾಯ್ತಿ?"

ಆ ವಯಸ್ಸಿನಲ್ಲಿ ಅದರ ಮೇಲೆ ಹತ್ತಿ ಒಂದು ಸುತ್ತು ಹೊಡೆದರು. ಎರಡು ಸಲ ಜೋರಾಗಿ ಬಂದು ಬ್ರೇಕ್ ಹಿಡಿದರು. ಬಿಂದಿಗೆಯಲ್ಲಿ ನೀರು ತಂದು ಚಕ್ರಕ್ಕೆ ಸುರಿದು ಮತ್ತೆ ಹಿಡಿದರು. ಸೈಕಲ್ ಹಿಡಿದಲ್ಲೇ ನಿಂತಿತು. ಇಳಿದು ಆ ತೆಳ್ಳನೆಯ ತಟ್ಟೆಯನ್ನು ಮುಟ್ಟಿ ನೋಡಿ, ಇದು ಮೊದಲೇ ಇದ್ದಿದ್ದರೆ ನಿನ್ನ ಕೈ ಮುರಿಯುತ್ತಿರಲಿಲ್ಲ ಎಂದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚಿನ ಎಳೆಯೂ ಇರಲಿಲ್ಲ.

ಹೊಸ ಸೈಕಲ್ಲಿನ ಎರಡನೆಯ ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಆ ಪರದೆ ಕಪ್ಪಾಯಿತು. ಮೋಟರು ಸತ್ತ ಮೇಲೆ ಆ ಸೈಕಲ್ಲು ಕಲ್ಲಿನ ಹಾಗೆ ಭಾರ. ಒಂದು ಕಾಲಿನ ಬಲದಲ್ಲಿ ತುಳಿಯುವುದಂತೂ ಸಾಧ್ಯವಿಲ್ಲ. ಅರ್ಧ ದಿನ ತಳ್ಳಿಕೊಂಡೇ ಹಂಚಿದೆ. ಸಾಹೇಬರು ಮೋಟರನ್ನು ನಡೆಸುವ ಪೆಟ್ಟಿಗೆ ಬಿಚ್ಚಲು ನೋಡಿದರು. ಅದಕ್ಕೆ ಸ್ಕ್ರೂ ಇರಲಿಲ್ಲ. ಮೇಣದಂಥದ್ದನ್ನು ಹೊಯ್ದು ಮುಚ್ಚಿದ್ದರು. ಮಾರಿದವರಿಗೆ ಫೋನು ಮಾಡಿದರೆ ಬೆಂಗಳೂರಿಗೆ ಕಳಿಸಿ, ನೋಡಿ ಹೇಳುತ್ತೇವೆ ಎಂದರು. ಅವತ್ತು ಸಾಹೇಬರ ಬಾಯಲ್ಲಿ ನಾನು ಮೊದಲ ಸಲ ಆ ಮಾತು ಕೇಳಿದ್ದು: "ಇದು ನಂಗೆ ಗೊತ್ತಿಲ್ಲ ತಂಗಿ."

ಮೂರು ವಾರ ನಡೆದೇ ಹಂಚಿದೆ. ಕೆಲವು ಮನೆಗಳ ಟಪಾಲು ಮರುದಿನಕ್ಕೆ ಉಳಿಯಿತು. ಒಂದು ಹುಡುಗಿಯ ಸಂದರ್ಶನದ ಪತ್ರ ಒಂದು ದಿನ ತಡವಾಗಿ, ಅವಳು ಕೊನೆಯ ಬಸ್ಸಿಗೆ ಓಡಬೇಕಾಯಿತು. ಮೇಲಿನವರು, ಸದ್ಯಕ್ಕೆ ಬೇರೆ ಯಾರನ್ನಾದರೂ ಹಾಕಿಕೊಳ್ಳೋಣವೇ ಎಂದು ಮೃದುವಾಗಿಯೇ ಕೇಳಿದರು. ಸದ್ಯಕ್ಕೆ ಎನ್ನುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಸಾಹೇಬರ ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ಹೇಳಿದೆ.

ಮರುದಿನ ಅಂಗಡಿಗೆ ಬೀಗ. ಅದರ ಮರುದಿನವೂ ಬೀಗ. ಹಬ್ಬ ಬಿಟ್ಟರೆ ಆ ಬಾಗಿಲು ಮುಚ್ಚಿದ್ದನ್ನು ಕೊಪ್ಪದವರು ಕಂಡಿರಲಿಲ್ಲ. ಎಲ್ಲಿ ಹೋದರೆಂದು ಆಮೇಲೆ ಗೊತ್ತಾಯಿತು. ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಹೊಸ ಸೈಕಲ್‌ಗಳ ಅಂಗಡಿಯೊಂದರಲ್ಲಿ ತಮ್ಮ ಮಗನಿಗಿಂತ ಚಿಕ್ಕವನಾದ ಮೆಕ್ಯಾನಿಕ್ಕಿನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎರಡು ದಿನ. ಡಿಸ್ಕ್ ಹೇಗೆ ಕೂರಿಸುವುದು, ಎಣ್ಣೆ ಹೇಗೆ ತುಂಬುವುದು, ಗೇರಿನ ತಂತಿ ಎಷ್ಟು ಎಳೆಯುವುದು. ಮೊದಲ ದಿನ ಆತ ಇವರನ್ನು ಗಿರಾಕಿ ಎಂದುಕೊಂಡಿದ್ದ. ಎರಡನೆಯ ದಿನ ಇವರು ಅವನ ಅಂಗಡಿಯ ಒಂದು ವಕ್ರ ಚಕ್ರವನ್ನು ಬೆರಳ ತುದಿಯಲ್ಲೇ ಸರಿ ಮಾಡಿ ಕೊಟ್ಟ ಮೇಲೆ ಗುರುಗಳೇ ಎನ್ನತೊಡಗಿದನಂತೆ. ಇದನ್ನು ಹೇಳುವಾಗ ಸಾಹೇಬರು ನಾಚಿದರು, ಆದರೆ ಎರಡು ಸಲ ಹೇಳಿದರು.

ಮಾರಿರಬೇಕೆಂದು ನಾನು ತಿಳಿದಿದ್ದ ನನ್ನ ಹಳೆಯ ಸೈಕಲ್ಲನ್ನು ಅವರು ಮಾರಿರಲಿಲ್ಲ; ಆ ಬ್ರೇಕಿನಲ್ಲಿ ಮತ್ತೆ ಮಳೆಗೆ ಕಳಿಸಲು ಮನಸ್ಸಾಗದೆ ನನಗೆ ಹೇಳಿರಲಿಲ್ಲ, ಅಷ್ಟೇ. ಒಳಕೋಣೆಯ ಮಾಡಿನ ಕೊಕ್ಕೆಗೆ ತೂಗುಹಾಕಿ ಎಣ್ಣೆ ಬಿಡುತ್ತ ಬಂದಿದ್ದರು. ಅದನ್ನು ಇಳಿಸಿದರು. ಶಿವಮೊಗ್ಗದಿಂದ ತಂದ ಡಿಸ್ಕ್ ಬ್ರೇಕಿನ ಮುಂಚಕ್ರವನ್ನು ಅದನ್ನು ಹಿಡಿದಿಡುವ ಫೋರ್ಕು ಸಮೇತ ಕೂರಿಸಲು ಅರ ಹಾಕಿ ಉಜ್ಜಿ ಉಜ್ಜಿ ಎರಡು ದಿನ ಹಿಡಿಯಿತು. ಹಿಂದಿನ ಚೌಕಟ್ಟನ್ನು ಕೂದಲೆಳೆಯಷ್ಟೇ ಅಗಲಿಸುತ್ತ ಹೋಗಿ ಗೇರಿನ ಐದು ಹಲ್ಲುಚಕ್ರಗಳನ್ನು ಸೇರಿಸಿದರು. ಎಡಗಡೆಯ ಗಿಡ್ಡ ತೋಳು, ಮರದ ತುಂಡು ಇದ್ದಲ್ಲೇ ಇದ್ದವು. ಎಲ್ಲದಕ್ಕೂ ನಾನೇ ಸ್ಪ್ಯಾನರ್ ಹಿಡಿದು ಕೂತಿದ್ದೆ.

ಒಂದು ವಿಷಯ ನನಗೆ ಅರ್ಥವಾಗಲಿಲ್ಲ. ಡಿಸ್ಕ್ ಹೊಸ ಕಾಲದ್ದು, ಆದರೆ ಅದನ್ನು ಎಳೆಯಲು ಎಣ್ಣೆಯ ಬದಲು ಹಳೆಯ ಕಾಲದ ತಂತಿಯನ್ನೇ ಹಾಕಿದ್ದರು. ಯಾಕೆಂದು ಕೇಳಿದೆ.

"ಎಣ್ಣೇದು ಇನ್ನೂ ಚಂದ ಹಿಡಿಯುತ್ತೆ, ಸುಳ್ ಯಾಕ್ ಹೇಳ್ಲಿ. ಆದ್ರೆ ಎಣ್ಣೆ ಸೋರಿದ್ರೆ ಭಂಡಿಗಡೀಲಿ ಎಂತ ಮಾಡ್ತೀ? ತಂತಿ ಹರಿದ್ರೆ ಕಮ್ಮರಡೀಲೂ ಸಿಗುತ್ತೆ, ಶೃಂಗೇರೀಲೂ ಸಿಗುತ್ತೆ. ನಿನ್ ಚೀಲದಲ್ಲೇ ಒಂದು ಇಟ್ಕೋಬಹುದು."

"ಹಾಗಾದ್ರೆ ಆ ಮೋಟರೆಲ್ಲ ದಂಡ ಅಂತೀರಾ?"

"ಯಾರಂದ್ರು ಹಾಗೆ? ಅದನ್ನ ಬಿಚ್ಚೋನು ಕೊಪ್ಪದಲ್ಲಿ ಒಬ್ಬ ತಯಾರಾಗ್ಲಿ, ಅವತ್ತೇ ನಾನು ನಿಂಗೆ ಹಾಕಿಸ್ತೀನಿ. ಹೊಸದು ಹಳೇದು ಅಂತೆಲ್ಲ ನಂಗೆ ಬೇಡ ಮಾರಾಯ್ತಿ. ಸೈಕಲ್ ಬಿದ್ದಲ್ಲೇ ಏಳ್ಬೇಕು. ಅಷ್ಟೇ ನಾನು ನೋಡೋದು."

ಎಷ್ಟೋ ಜನ ಈ ವಿಷಯದಲ್ಲಿ ವಾದ ಮಾಡುವುದನ್ನು ಆಮೇಲೆ ಕೇಳಿದ್ದೇನೆ. ಹಳೆಯದೇ ಸರಿ ಎನ್ನುವವರು, ಹೊಸತಿಲ್ಲದೆ ಬದುಕಿಲ್ಲ ಎನ್ನುವವರು. ಅವರಲ್ಲಿ ಯಾರೂ ಎರಡು ದಿನ ಬಾಗಿಲು ಮುಚ್ಚಿ ನೆಲದ ಮೇಲೆ ಕೂತು ಕಲಿತು ಬಂದವರಲ್ಲ. ಬ್ಯಾಟರಿ ಸೈಕಲ್ಲೂ ಕೆಟ್ಟದ್ದಲ್ಲ. ತಿಂಗಳುಗಳಾದ ಮೇಲೆ ಸರಿಯಾಗಿ ಬಂತು; ಈಗ ಅತ್ತಿಗೆ ಅದರಲ್ಲಿ ಪೇಟೆ ಓಡಾಡುತ್ತಾಳೆ. ಅದು ಕೆಟ್ಟು ನಿಂತರೆ ಅವಳಿಗೆ ಆಟೋ ಇದೆ. ನನಗೆ ಇರಲಿಲ್ಲ.

ಹೊಸದಾಗಿ ಕಟ್ಟಿದ ಸೈಕಲ್ಲಿನ ಪರೀಕ್ಷೆಗೆ ಒಂದು ಭಾನುವಾರ ಶೃಂಗೇರಿಗೆ ತುಳಿದುಕೊಂಡು ಹೋಗೆಂದು ಸಾಹೇಬರೇ ಹೇಳಿದರು. ಬೆಳಿಗ್ಗೆ ಬೇಗ ಹೊರಟೆ. ಒಂದು ಏರಿನಲ್ಲಿ, ಅತಿ ಚಿಕ್ಕ ಗೇರಿನಲ್ಲಿ, ನಡೆಯುವಷ್ಟು ನಿಧಾನವಾದರೂ ಇಳಿಯದೆ ಹತ್ತುತ್ತಿದ್ದೆ. ಹಿಂದಿನಿಂದ ಬಂದ ಪ್ರೈವೇಟ್ ಬಸ್ಸು ನನ್ನ ಪಕ್ಕಕ್ಕೆ ಬಂದು ದಾಟದೆ, ಹಾಗೇ ಜೊತೆಯಲ್ಲಿ ನಿಧಾನಕ್ಕೆ ಬರತೊಡಗಿತು. ತಲೆಯೆತ್ತಿದರೆ ಕಿಟಕಿಯಲ್ಲಿ ಸಾಹೇಬರು. ಕಂಡಕ್ಟರಿಗೆ ಹೇಳಿ ಬಸ್ಸು ನಿಧಾನ ಮಾಡಿಸಿದ್ದರು. ಮಠಕ್ಕೆ ಹೊರಟ ಯಾತ್ರಿಗಳು, ಕೆಲಸಕ್ಕೆ ಹೊರಟವರು, ಎಲ್ಲರೂ ಆ ಬದಿಯ ಕಿಟಕಿಗಳಿಗೆ ಬಂದಿದ್ದರು. ಸಾಹೇಬರು ಬೆರಳು ಮಾಡಿ ಮುಂದಿನ ಚಕ್ರ, ಹಿಂದಿನ ಚಕ್ರ, ಎಡಗಾಲು ಎಲ್ಲವನ್ನೂ ಅವರಿಗೆ ವಿವರಿಸುತ್ತಿದ್ದರು. ಜನ ನನ್ನ ಕಾಲನ್ನು ನೋಡುತ್ತಿದ್ದರೂ ನಾನು ತಲೆ ತಗ್ಗಿಸದಿದ್ದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಏರು ಮುಗಿಯುವವರೆಗೂ ಬಸ್ಸು ಜೊತೆಗೇ ಬಂತು.

ಸಾಹೇಬರು ಹೋದ ವರ್ಷ ತೀರಿಕೊಂಡರು. ಎದೆನೋವೆಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ನಾನು ನೋಡಲು ಹೊರಟ ಬೆಳಿಗ್ಗೆಯೇ ಸುದ್ದಿ ಬಂತು. ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ಕೊನೆಯ ಎರಡು ದಿನ ಅವರು ಹೆಚ್ಚು ಮಾತಾಡಲಿಲ್ಲವಂತೆ. ಡಾಕ್ಟರು ಬಂದು ಎಂತ ಕೆಲಸ ಮಾಡ್ಕೊಂಡಿದ್ರಿ ಅಜ್ಜಾರೆ ಎಂದು ಕೇಳಿದಾಗ ಮಾತ್ರ ಎದ್ದು ಕೂರಲು ನೋಡಿದರಂತೆ.

"ಸೈಕಲ್ ಅಂಗಡಿ ಅಂತ ಹೇಳ್ಲಿಲ್ಲ ನೋಡು ಮಗಳೇ," ಎಂದರು ಆಕೆ. "ನಮ್ಮೂರಲ್ಲಿ ಒಬ್ಬಳು ಪೋಸ್ಟಮ್ಮ ಇದಾಳೆ ಡಾಕ್ಟ್ರೇ, ಎಂಥ ಮಳೇಲೂ ಬೀಳಲ್ಲ, ಅಂದ್ರು. ಅಷ್ಟೇ ಅಂದಿದ್ದು."

ಆ ಮಾತನ್ನು ಸುಳ್ಳು ಮಾಡಬಾರದು. ದಿನಾ ಹೊರಡುವ ಮೊದಲು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ತಂತಿ ಎಳೆದು ನೋಡುತ್ತೇನೆ, ಡಿಸ್ಕ್ ಒರೆಸುತ್ತೇನೆ. ಆಮೇಲೆ ಚೀಲ ಹೆಗಲಿಗೇರಿಸಿ ಹೊರಡುತ್ತೇನೆ. ಅವರು ಹೋದ ಮೇಲೆ ಇಡೀ ಒಂದು ಮಳೆಗಾಲ ಕಳೆದಿದೆ. ನಾನು ಬಿದ್ದಿಲ್ಲ.