ಮುಖವಿಲ್ಲದ ಆಲ್ಬಮ್ಮಿಗೆ ಒಂದು ಲೆನ್ಸ್

ಶಹಾಪುರದ ನಮ್ಮ ಸ್ಟುಡಿಯೋದಲ್ಲಿ ಮದುವೆಯ ಗಂಡಸರ ಕಡೆಯ ಫೋಟೊ ನನ್ನ ಗಂಡನ ಪಾಲಿಗೆ, ಹೆಂಗಸರ ಕಡೆಯದು ನನ್ನ ಪಾಲಿಗೆ. ನಾನು ಕ್ಯಾಮೆರಾ ಕಲಿತದ್ದು ಮದುವೆಯಾಗಿ ಬಂದ ಮೇಲೆ, ಅವರಿಂದಲೇ. ಈಗ ಅವರಿಗಿಂತ ನನ್ನನ್ನು ಕೇಳಿಕೊಂಡು ಬರುವವರು ಹೆಚ್ಚು. ಮುಸಲ್ಮಾನರ ಮನೆಗಳಲ್ಲಿ ಹೆಂಗಸರ ಕೋಣೆಗೆ ಹೊರಗಿನ ಗಂಡಸರನ್ನು ಬಿಡುವುದಿಲ್ಲ. ಅಲ್ಲಿ ನಾನೇ ಆಗಬೇಕು. ಈ ಮಾತನ್ನು ಗಂಡನ ಮುಂದೆ ಆಗಾಗ ಬೇಕೆಂದೇ ಎತ್ತುತ್ತಿರುತ್ತೇನೆ.

ಹೋದ ವರ್ಷ ಸುರಪುರದಿಂದ ಅಂಥದೇ ಒಂದು ಮದುವೆಯ ಕೆಲಸ ಬಂತು. ಮಾತಾಡಿ ಬರಲು ಅವರ ಮನೆಗೆ ಹೋದೆ. ಹುಡುಗಿ ‘ದಾದಿ’ ಎಂದು ಕರೆಯುತ್ತಿದ್ದ ಅವಳ ಅಜ್ಜಿಯದು ಒಂದೇ ಷರತ್ತು: ಮದುಮಗಳ ಮುಖದ ಫೋಟೊ ತೆಗೆಯಬಾರದು. ಅವರ ಬಳಗದ ಇನ್ನೊಂದು ಮದುವೆಯಲ್ಲಿ ಯಾರೋ ತೆಗೆದ ಮದುಮಗಳ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಗುರುತು ಪರಿಚಯ ಇಲ್ಲದವರೆಲ್ಲ ನೋಡಿದ್ದರಂತೆ. ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಮುಖ ಬೇಡವೆಂದ ಮೇಲೆ ನನ್ನನ್ನು ಕರೆಸಿದ್ದು ಯಾಕೆ, ಪೆಂಡಾಲಿನ ಬಟ್ಟೆಯ ಫೋಟೊ ತೆಗೆಯಲಿಕ್ಕೆಯೇ ಅಂತ ಮನಸ್ಸಿನಲ್ಲೇ ಗೊಣಗಿದೆ. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಆಗಲಿಲ್ಲ. ಆ ಅಜ್ಜಿಯ ಎದುರು ಅವರ ಮಗನೇ ಜೋರಾಗಿ ಮಾತಾಡುತ್ತಿರಲಿಲ್ಲ.

ಹುಡುಗಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಅರ್ಧ ಹೆಂಗಸರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ನನ್ನನ್ನು ಕಳಿಸಲು ಬಾಗಿಲ ತನಕ ಬಂದವಳು ದನಿ ತಗ್ಗಿಸಿದಳು.

“ಅಕ್ಕಾ, ದಾದಿ ಮಾತು ನಾ ಮೀರಂಗಿಲ್ರಿ. ಖರೆ, ಮೆಹೆಂದಿ ಹಚ್ಚಿದ ಕೈ ಎಲ್ಲಾರವೂ ಒಂದಽ ಥರ ಕಾಣ್ತಾವ. ಇದು ನಂದೇ ಮದುವಿ ಅಂತ ನೋಡಿದವರಿಗೆ ಹ್ಯಾಂಗ ಗೊತ್ತಾಗಬೇಕ್ರಿ?”

ಶಹಾಪುರ ಮುಟ್ಟುವವರೆಗೂ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಕೈಯಷ್ಟೇ ತೆಗೆಯಬೇಕೆಂದರೆ ಅವಳ ಕೈ ಅವಳದೇ ಅನ್ನುವಷ್ಟು ಹತ್ತಿರ ಹೋಗಬೇಕು. ನಮ್ಮ ಲೆನ್ಸುಗಳು ಅಷ್ಟು ಹತ್ತಿರ ಹೋದರೆ ಎಲ್ಲವನ್ನೂ ಮಸುಕು ಮಾಡಿಬಿಡುತ್ತವೆ. ತೀರ ಹತ್ತಿರದಿಂದ ತೆಗೆಯಲಿಕ್ಕೆಂದೇ ಮ್ಯಾಕ್ರೊ ಲೆನ್ಸ್ ಬರುತ್ತದೆ. ಅದೊಂದು ತರಿಸೋಣ ಅಂದರೆ ಗಂಡ ನಕ್ಕುಬಿಟ್ಟರು.

“ಮದುವ್ಯಾಗ ಇರುವಿ ಫೋಟೊ ತಗೀತಿಯೇನು?”

ಉಂಗುರದ ಒಂದೆರಡು ಫೋಟೊ ಬಿಟ್ಟರೆ ವರ್ಷವಿಡೀ ಅದು ಬೀರುವಿನಲ್ಲೇ ಕೂರುತ್ತದೆ, ದೂರದಿಂದ ತೆಗೆದು ಕಂಪ್ಯೂಟರಿನಲ್ಲಿ ಕತ್ತರಿಸಿ ದೊಡ್ಡದು ಮಾಡಿದರಾಯಿತು ಅನ್ನುವುದು ಅವರ ವಾದ. ನಾನು ನನ್ನದೇ ಕೈಯ ಫೋಟೊ ತೆಗೆದು, ಅವರು ಹೇಳಿದಂತೆಯೇ ಕತ್ತರಿಸಿ, ದೊಡ್ಡದು ಮಾಡಿ ತೋರಿಸಿದೆ. ಚರ್ಮ ಉಪ್ಪಿಟ್ಟಿನ ರವೆಯ ಹಾಗೆ ಕಂಡಿತು. ಅದನ್ನು ಕಣ್ಣಾರೆ ನೋಡಿಯೂ ಅವರು ಒಪ್ಪಲಿಲ್ಲ, ನಾನೂ ಪಟ್ಟು ಬಿಡಲಿಲ್ಲ. ಊಟಕ್ಕೆ ಬರ್ರಿ ಅನ್ನುವುದೊಂದನ್ನು ಬಿಟ್ಟು ನಮ್ಮಿಬ್ಬರ ನಡುವೆ ಮಾತೇ ನಿಂತುಹೋಯಿತು.

ಭೀಮರಾಯನಗುಡಿಯ ಕೃಷಿ ಕಾಲೇಜಿನ ಮೇಷ್ಟರೊಬ್ಬರು ಹತ್ತಿಯ ಹುಳುಗಳ ಫೋಟೊಗಳನ್ನು ಪ್ರಿಂಟ್ ಹಾಕಿಸಲು ನಮ್ಮಲ್ಲಿಗೆ ಬರುತ್ತಾರೆ. ನಮ್ಮ ಕ್ಯಾಮೆರಾಕ್ಕೆ ಕೂರುವ ಮ್ಯಾಕ್ರೊ ಲೆನ್ಸ್ ಅವರ ಹತ್ತಿರ ಇತ್ತು. ನಾಚಿಕೆ ಬಿಟ್ಟು ಕೇಳಿದೆ, ಕೊಡಲು ಒಪ್ಪಿದರು. ಹುಳು ಅಲುಗಾಡಬಾರದೆಂದರೆ ಬೆಳಗಿನ ತಂಪಿನಲ್ಲೇ ತೆಗೆಯಬೇಕು ಎಂದು ಪಾಠವನ್ನೂ ಹೇಳಿದರು. ಮದುಮಗಳನ್ನು ತಂಪಿನಲ್ಲಿಡುವುದು ಹೇಗೆಂದು ಕೇಳುವ ಆಸೆಯಾಗಿತ್ತು. ಲೆನ್ಸ್ ಕೈಗೆ ಬರುವವರೆಗೆ ಆ ಆಸೆಯನ್ನು ತಡೆದುಕೊಂಡೆ.

ಮದುವೆಯ ದಿನ ಯಾದಗಿರಿಯಿಂದ ಗಂಡಿನ ಕಡೆಯವರು ಬರುವ ಮೊದಲೇ ಕೆಲಸ ಶುರು ಮಾಡಿದೆ. ತೆಗೆದವೆಲ್ಲ ಹಾಳಾದವು. ಆ ಲೆನ್ಸಿನ ಮುಂದೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕೆಡುತ್ತದೆ, ಹುಡುಗಿಯ ಕೈಯೋ ಥರಥರ ನಡುಗುತ್ತಿತ್ತು. ಹೆದರಬೇಡ ಅಂದಷ್ಟೂ ನಡುಕ ಹೆಚ್ಚಾಯಿತು. ಗಂಡನ ಮಾತೇ ನಿಜವಾಗುತ್ತದಲ್ಲ ಎಂದು ನನಗೆ ಅಳು ಬರುವುದೊಂದು ಬಾಕಿ. ಕೊನೆಗೆ ಅವಳನ್ನು ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂರಿಸಿ, ದಿನಾ ಬಟ್ಟೆ ಹಿಡಿಯುವ ಹಾಗೆ ಕೈ ಇಡು ಅಂದೆ. ಯಂತ್ರದ ಹಲಗೆ ಮುಟ್ಟಿದ್ದೇ ತಡ, ಕೈಯ ನಡುಕ ನಿಂತಿತು.

ಕ್ಯಾಮೆರಾದ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಅವಳ ತಾಯಿಗೆ ತೋರಿಸಿದೆ. ಮೆಹೆಂದಿಯ ಕೆಂಪಿನ ನಡುವೆ ತೋರುಬೆರಳಿನ ತುದಿಯ ತುಂಬ ಸೂಜಿ ಚುಚ್ಚಿದ ಕಲೆಗಳು. ಉಗುರಿನಲ್ಲಿ ಉದ್ದಕ್ಕೊಂದು ಸೀಳು. ಬರಿಗಣ್ಣಿಗೆ ಅಷ್ಟಾಗಿ ಕಾಣದಿದ್ದುದು ಈಗ ಎದ್ದು ಕಾಣುತ್ತಿತ್ತು. ತಾಯಿಯ ಮುಖ ಸಪ್ಪಗಾಯಿತು. ಬೀಗರು ನೋಡುವ ಆಲ್ಬಮ್, ಇದನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಡಿ ಅಂದರು. ಮೊಡವೆ ಅಳಿಸುವುದು, ಬಣ್ಣ ತಿಳಿ ಮಾಡುವುದು ನಮಗೆ ದಿನನಿತ್ಯದ ಕೆಲಸ. ಹೂಂ ಅನ್ನುವಷ್ಟರಲ್ಲಿ ಹುಡುಗಿ ನನ್ನ ಮೊಣಕೈ ಹಿಡಿದಳು.

“ಬ್ಯಾಡ್ರಿ ಅಕ್ಕಾ, ಇರ್ಲಿ. ಅದು ಇದ್ದರಽ ನಾನು.”

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅವಳೇ ಹೊಲಿದ ದುಪಟ್ಟಾದ ಅಂಚು, ಅತ್ತೆ ಕೊರಳಿಗೆ ಕಟ್ಟಿದ ಕರಿಮಣಿಯ ಸರ ಲಚ್ಛಾ, ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ ಬೆರಳು, ಎಲ್ಲವನ್ನೂ ಉಸಿರು ಬಿಗಿಹಿಡಿದು ತೆಗೆದೆ. ಮರುದಿನವೇ ಲೆನ್ಸನ್ನು ಮೇಷ್ಟರಿಗೆ ಒಪ್ಪಿಸಿದೆ.

ಆಲ್ಬಮ್ ತಯಾರಾದ ಮೇಲೆ ಸುರಪುರಕ್ಕೆ ಒಯ್ದಾಗ ಹುಡುಗಿ ಯಾದಗಿರಿಯಲ್ಲಿ ಗಂಡನ ಮನೆಯಲ್ಲಿದ್ದಳು. ಮೊದಲು ನೋಡಿದ್ದು ಅಜ್ಜಿ. ಮುಖ ಎಲ್ಲಾದರೂ ಇದೆಯೇ ಎಂದು ಅನುಮಾನದಿಂದಲೇ ಪುಟ ತಿರುಗಿಸುತ್ತ ಹೋದವರು ಆ ಬೆರಳಿನ ಚಿತ್ರದ ಹತ್ತಿರ ನಿಂತರು. ಆಲ್ಬಮ್ಮನ್ನು ಕಣ್ಣಿನ ತೀರ ಸಮೀಪಕ್ಕೆ ಹಿಡಿದು, ಚಿತ್ರದ ಉಗುರನ್ನು ಹೆಬ್ಬೆರಳಿನಿಂದ ಸವರಿದರು.

“ಇದು ನಮ್ಮ ಹುಡುಗೀನಽ. ಸಣ್ಣಾಕಿ ಇದ್ದಾಗ ಮಷೀನಿನ ಸೂಜಿ ಈ ಉಗುರಾಗ ಮುರಿದಿತ್ತು, ಬೇಟಾ. ನಾನಽ ಹಲ್ಲಿಲೆ ಕಚ್ಚಿ ತಗದಿದ್ದೆ.”

ಓಣಿಯವರಿಗೆಲ್ಲ ಇದನ್ನು ತೋರಿಸುತ್ತೇನೆ, ಯಾರ ಕೈಗೆ ಹೋದರೂ ಚಿಂತೆಯಿಲ್ಲ ಅಂದರು. ಆಮೇಲೆ ಕುಪ್ಪಸದ ತೋಳು ಹಿಂದಕ್ಕೆ ಸರಿಸಿ ತಮ್ಮ ಕೈಯನ್ನು ನನ್ನ ಮುಂದೆ ಚಾಚಿದರು. ಆಧಾರ್ ಕಾರ್ಡಿನದು ಬಿಟ್ಟರೆ ಅವರದೊಂದೂ ಫೋಟೊ ಮನೆಯಲ್ಲಿ ಇರಲಿಲ್ಲವಂತೆ. ಈಗಲೇ ಇದನ್ನೊಂದು ತೆಗೆ ಅಂದರು.

ಚೀಲದಲ್ಲಿ ನಮ್ಮ ಹಳೆಯ ಲೆನ್ಸುಗಳಷ್ಟೇ ಇದ್ದವು. ಗಂಡನನ್ನು ಒಂದು ಮಾತು ಕೇಳಬೇಕು ಅನ್ನುವುದು ನೆನಪಿಗೂ ಬರಲಿಲ್ಲ.

“ಸ್ವಲ್ಪ ದಿನ ತಡೀರಿ ಅಮ್ಮಾ. ನಮ್ದಽ ಒಂದು ಲೆನ್ಸ್ ತಗೊಂಡು ಬರ್ತೀನಿ.”

ಅವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

“ಮೆಹೆಂದಿ ಇಲ್ಲದಿದ್ರೂ ನಡೀತದೇನು?”

ಇಲ್ಲದಿದ್ದರೇ ಚೆಂದ ಬರುತ್ತದೆ ಅಂದೆ.