ಮೂರು ಬೀಗದ ಕೈ

ನಗರ ಎಂಬ ಊರಿನ ಹತ್ತಿರ ನಮಗೊಂದು ಶೀಟಿನ ಮನೆಯಿತ್ತು. ರಜೆಯಲ್ಲಿ ಮಾತ್ರ ಹೋಗುತ್ತಿದ್ದೆವು. ಸಾಗರದವರಾದ ನಾವು ಅದನ್ನು ಬಿಡಾರ ಎನ್ನುತ್ತಿದ್ದೆವು. ಪಕ್ಕದಲ್ಲೇ ಅಂಥದ್ದೇ ಮನೆ ಕಟ್ಟಿಕೊಂಡಿದ್ದ ತೀರ್ಥಹಳ್ಳಿಯವರು ಮಾಳ ಎನ್ನುತ್ತಿದ್ದರು, ಅದರಾಚೆಯ ಮನೆಯ ಹೊಸನಗರದವರು ಗುಡ್ಲು. ಮೂರರ ಬೀಗದ ಕೈಯೂ ಗುಡಿಸಿ ಒರೆಸಲು ಬರುತ್ತಿದ್ದ ಹೆಂಗಸಿನ ಸೆರಗಿನ ಗಂಟಿನಲ್ಲಿರುತ್ತಿತ್ತು. ಯಾವ ಮನೆಗೆ ಹೊರಟರೂ ಅವರು ಹೇಳುತ್ತಿದ್ದುದು ಒಂದೇ: "ಕೆಲ್ಸಕ್ಕೆ ಹೋಗ್ತೀನಿ."

"ನೀವು ಇದಕ್ಕೆ ಎಂತ ಅಂತೀರಿ?" ಎಂದು ಒಮ್ಮೆ ಕೇಳಿದೆ.

ಸೊಂಟಕ್ಕೆ ಕೈಯಿಟ್ಟು ಮೆಲ್ಲಗೆ ನೆಟ್ಟಗಾದರು. "ಎಂತ ಅನ್ನೋದು? ನಂಗೆ ಮೂರೂ ಕೆಲ್ಸವೇ."

ಒಂದು ಮಧ್ಯಾಹ್ನ ನಾವು ಮುಂಚಿತವಾಗಿ ತಿಳಿಸದೆ ಹೋದೆವು. ಬಾಗಿಲು ತೆರೆದಿತ್ತು. ನಮ್ಮ ಚಾಪೆ ಹಾಸಿ, ನಮ್ಮದೇ ದಿಂಬಿಗೆ ತಲೆಯಿಟ್ಟು ಅವರು ಮಲಗಿದ್ದರು. ಪಕ್ಕದಲ್ಲಿ ಖಾಲಿಯಾದ ಬುತ್ತಿ. ಅಮ್ಮನ ಮುಖ ಬಿಗಿಯಾಯಿತು.

"ಎಂತ ಇದು?"

ಅವರು ಗಡಬಡಿಸಲಿಲ್ಲ. ಎದ್ದು ಕೂತು, ಕೂದಲು ಗಂಟು ಹಾಕಿಕೊಂಡರು.

"ಇವತ್ತು ಕೆಲ್ಸ ಇರ್ಲಿಲ್ಲ ಅಮ್ಮ. ಬಿಡಾರಕ್ಕೆ ಬಂದಿದ್ದೆ."

ನಾವು ಬಂದಾಗಿತ್ತಲ್ಲ, ಬಿಡಾರ ಮತ್ತೆ ಕೆಲ್ಸವಾಯಿತು. ಚಾಪೆ ಸುತ್ತಿಟ್ಟು ಪೊರಕೆ ಎತ್ತಿಕೊಂಡರು.